ರಾಡಾರ್ ಚಿತ್ರವನ್ನು ಉಪಗ್ರಹವೇ ಸಿದ್ಧಮಾಡಿ ಕಳಿಸಬಹುದಲ್ವಾ?

ಹೊಳೆಸಾಲು:

ಎಲ್ಲರಿಗೂ ನಮಸ್ಕಾರ. ನಾನು ಜಮಖಂಡಿ ತಾಲ್ಲೂಕಿನವನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮೂರಿನಿಂದ ಕೃಷ್ಣಾ ಹೊಳೆ ಎರಡು ಕಿಲೋಮೀಟರ್ ಕೂಡ ಇಲ್ಲ. 2019ರ ಆಗಸ್ಟ್‌ನಲ್ಲಿ ಹೊಳೆ ಬಂದಾಗ ನಮ್ಮ ಶಾಲೆಯ ಮೇಲಿನ ಮಹಡಿಯಲ್ಲಿ ಕೆಳಗಿನ ಓಣಿಯ ಜನ ಒಂಬತ್ತು ದಿನ ಇದ್ದರು. ನೀರು ಯಾವ ಕಡೆಯಿಂದ ಏರುತ್ತಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಒಂದು ರಾತ್ರಿ ಮೊದಲೇ ತಿಳಿದಿದ್ದರೆ ದನಗಳ ಹಗ್ಗವನ್ನಾದರೂ ಬಿಚ್ಚಬಹುದಿತ್ತು.

ಅದಾದ ಮೇಲೆ ಹಟ ಹಿಡಿದು ಯುರೋಪಿನ ಸೆಂಟಿನೆಲ್-1 ಉಪಗ್ರಹದ ರಾಡಾರ್ ಚಿತ್ರ ನೋಡುವುದನ್ನು ಕಲಿತೆ. ಮೋಡ ಎಷ್ಟೇ ದಟ್ಟವಾಗಿದ್ದರೂ ರಾಡಾರ್‌ಗೆ ಕೆಳಗಿನದು ಕಾಣುತ್ತದೆ. ಚಿತ್ರದಲ್ಲಿ ನೀರು ಕಪ್ಪಗೆ ಬರುತ್ತದೆ. ಇಷ್ಟು ನನಗೆ ಗೊತ್ತು. ಆದರೆ ಉಪಗ್ರಹ ಚಿತ್ರವನ್ನೇ ಕಳಿಸುವುದಿಲ್ಲವಂತೆ. ವಾಪಸ್ ಬಂದ ಪ್ರತಿಧ್ವನಿಯ ಅಂಕಿಗಳನ್ನು ಹಾಗೇ ಕೆಳಗೆ ಇಳಿಸುತ್ತದಂತೆ, ಚಿತ್ರ ಮಾಡುವುದೆಲ್ಲ ನೆಲದ ಮೇಲಿನ ಕಂಪ್ಯೂಟರ್ ಅಂತೆ. ಆಮೇಲೆ ಅದು ಸರ್ವರ್‌ಗೆ ಬಂದು, ನಾನು ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಒಂದು ಜಿಬಿ ಇಳಿಸುವ ಹೊತ್ತಿಗೆ ಹೊಳೆ ಇಳಿಯಲು ಶುರುವಾಗಿರುತ್ತದೆ.

ಉಪಗ್ರಹವೇ ಲೆಕ್ಕ ಮಾಡಿ ಸಣ್ಣದೊಂದು ಚಿತ್ರ ಕಳಿಸಿದರೆ ಏನು ತೊಂದರೆ? ನನ್ನ ಫೋನು ಫೋಟೋವನ್ನು ತಾನೇ ಸಿದ್ಧಮಾಡುತ್ತದೆ ಅಲ್ವಾ? ಮೇಲೆ ಒಳ್ಳೆಯ ಕಂಪ್ಯೂಟರ್ ಇಲ್ಲ ಅನ್ನುವುದಷ್ಟೇ ಕಾರಣವೋ, ಬೇರೆ ಏನಾದರೂ ಇದೆಯೋ? ಬಲ್ಲವರು ಬಿಡಿಸಿ ಹೇಳಿ.

ನಕಾಶೆಮನೆ:

ಸರ್, ನಾನು ಜಿಐಎಸ್, ಅಂದರೆ ಕಂಪ್ಯೂಟರ್ ನಕಾಶೆಯ ಕೆಲಸದಲ್ಲಿದ್ದೇನೆ. ಮೊದಲು ಒಂದು ಮಾತು. ಒಂದು ಸೆಂಟಿನೆಲ್-1 ಉಪಗ್ರಹ ಅದೇ ದಾರಿಯಲ್ಲಿ ನಿಮ್ಮೂರಿನ ಮೇಲೆ ಮತ್ತೆ ಹಾಯುವುದು 12 ದಿನಕ್ಕೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋ-ನಾಸಾ ರಾಡಾರ್ ಉಪಗ್ರಹ ನಿಸಾರ್ ಕೂಡ 12 ದಿನದಲ್ಲಿ ಎರಡು ಸಲ ನೋಡುತ್ತದೆ. ಹೊಳೆ ಬಂದ ದಿನ ಉಪಗ್ರಹ ಮೇಲೆ ಇರಲೇ ಇಲ್ಲ ಅಂದರೆ ಚಿತ್ರ ಎಷ್ಟು ಬೇಗ ಸಿದ್ಧವಾದರೂ ಉಪಯೋಗವಿಲ್ಲ. ನಿಮ್ಮ ಕಾಯುವಿಕೆಯಲ್ಲಿ ದೊಡ್ಡ ಪಾಲು ಅದರದ್ದು. ಚಿತ್ರ ಮಾಡುವ ಲೆಕ್ಕದ್ದು ಸಣ್ಣ ಪಾಲು. ಒಳಗಿನ ತಾಂತ್ರಿಕ ವಿಷಯ ಬಲ್ಲವರು ಹೇಳಲಿ.

ಪ್ರತಿಧ್ವನಿ:

ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ನಾನು ಹದಿನೆಂಟು ವರ್ಷ ರಾಡಾರ್ ಸಿಗ್ನಲ್ ಪ್ರೊಸೆಸಿಂಗ್ ಬೋರ್ಡ್‌ಗಳ ಮೇಲೆ ಕೆಲಸ ಮಾಡಿದವಳು. ಜಾಸ್ತಿ ಮಾಡಿದ್ದು ವಿಮಾನದ ರಾಡಾರ್. ಲೆಕ್ಕದ ಬೇರು ಎರಡಕ್ಕೂ ಒಂದೇ. ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವಾದಾಗ ಓದಿ.

ಫೋನಿನ ಕ್ಯಾಮೆರಾದಲ್ಲಿ ಲೆನ್ಸ್ ಇದೆ. ಮನೆಯ ಬೆಳಕು ಸೆನ್ಸರ್‌ನ ಒಂದು ಚುಕ್ಕೆಯ ಮೇಲೆ ಬಂದು ಕೂರುತ್ತದೆ. ಚಿತ್ರ ಅಲ್ಲೇ ಮೂಡಿತು. ಈ ಬಗೆಯ ರಾಡಾರ್‌ಗೆ, ಅಂದರೆ ಎಸ್‌ಎಆರ್‌ಗೆ (ಸಿಂಥೆಟಿಕ್ ಅಪರ್ಚರ್ ರಾಡಾರ್), ಲೆನ್ಸ್ ಇಲ್ಲ. ಸೆಂಟಿನೆಲ್-1ರ ಆಂಟೆನಾ 12.3 ಮೀಟರ್ ಉದ್ದ. ಅದರ ಕಿರಣ ನೆಲ ಮುಟ್ಟುವಾಗ ನಾಲ್ಕು ಕಿಲೋಮೀಟರಿನಷ್ಟು ಹರಡಿರುತ್ತದೆ. ನೇರವಾಗಿ ಪಟ್ಟಿ ಹಿಡಿದು ನೋಡುವ ಮೋಡ್‌ನಲ್ಲಿ ನಿಮ್ಮ ಶಾಲೆಯ ಚಾವಣಿ ಆ ಕಿರಣದೊಳಗೆ ಅರ್ಧ ಸೆಕೆಂಡು ಇರುತ್ತದೆ. ಅಷ್ಟರಲ್ಲಿ ಸಾವಿರದ ಹತ್ತಿರ ಪಲ್ಸ್, ಅಂದರೆ ರಾಡಾರ್ ಅಲೆಯ ಚಿಕ್ಕ ತುಣುಕುಗಳು, ಹೋಗಿ ಬಂದಿರುತ್ತವೆ. ಅಷ್ಟೂ ಪ್ರತಿಧ್ವನಿಗಳಲ್ಲಿ ನಿಮ್ಮ ಚಾವಣಿಯ ಒಂದೊಂದು ತುಣುಕು ಇದೆ. ಒಂದೊಂದು ಪ್ರತಿಧ್ವನಿಯಲ್ಲೂ ಅದು ಸಾವಿರಾರು ಅಂಕಿಗಳ ಉದ್ದಕ್ಕೆ ಚೆಲ್ಲಿಕೊಂಡಿರುತ್ತದೆ. ಪಕ್ಕದ ಮನೆ, ಗುಡಿ, ಹೊಲ ಎಲ್ಲವೂ ಅದರ ಮೇಲೇ ಬಿದ್ದಿರುತ್ತವೆ. ಕಚ್ಚಾ ಡೇಟಾ ತೆರೆದು ನೋಡಿದರೆ ಬರೀ ಗದ್ದಲ. ಟಿವಿಯಲ್ಲಿ ಸಿಗ್ನಲ್ ಹೋದಾಗ ಬರುವ ಚುಕ್ಕೆಗಳ ಹಾಗೆ.

ಆ ಚೆಲ್ಲಿದ್ದನ್ನು ಒಟ್ಟುಗೂಡಿಸಿ ಚುಕ್ಕೆ ಮಾಡುವುದೇ ಪ್ರೊಸೆಸಿಂಗ್. ಇದರಲ್ಲಿ ಎರಡು ದಿಕ್ಕಿನ ಕೆಲಸ ಇದೆ. ನಿಮಗೆ ಇಳಕಲ್ ದೂರವಿಲ್ಲ, ಮಗ್ಗ ನೋಡಿರುತ್ತೀರಿ. ಒಂದೊಂದು ಪಲ್ಸ್ ಒಂದೊಂದು ಹೊಕ್ಕಿನ ಎಳೆ ಅಂದುಕೊಳ್ಳಿ. ಉಪಗ್ರಹ ಮುಂದೆ ಹೋದ ಹಾಗೆ ಎಳೆಯ ಮೇಲೆ ಎಳೆ ಬಂದು ಕೂರುತ್ತದೆ. ಮೊದಲು ಪ್ರತಿ ಹೊಕ್ಕಿನ ಎಳೆಯನ್ನು ಬೇರೆಬೇರೆಯಾಗಿ ಬಿಗಿಮಾಡುತ್ತೇವೆ. ಆಮೇಲೆ ಹಾಸಿನ ಎಳೆಗಳನ್ನು ಹಿಡಿದು ಆ ಉದ್ದಕ್ಕೆ ಬಿಗಿಮಾಡಬೇಕು. ತೊಡಕು ಬರುವುದು ಇಲ್ಲೇ. ಮೆಮೊರಿಯಲ್ಲಿ ಅಂಕಿಗಳು ಬರೆದಿಟ್ಟಿರುವುದು ಹೊಕ್ಕಿನ ಸಾಲಾಗಿ. ಓದಬೇಕಾದದ್ದು ಹಾಸಿನ ಸಾಲಾಗಿ. ಇಡೀ ಬಟ್ಟೆ ಮೆಮೊರಿಗೆ ಬರುವ ತನಕ ಒಂದೇ ಒಂದು ಹಾಸಿನ ಎಳೆಯೂ ಪೂರ್ತಿ ಸಿಗುವುದಿಲ್ಲ. ಇದಕ್ಕೆ ನಮ್ಮ ಕಡೆ ಕಾರ್ನರ್ ಟರ್ನ್ ಅನ್ನುತ್ತಾರೆ. ನನ್ನ ಕೆಲಸದ ದಿನಗಳಲ್ಲಿ ಅರ್ಧ ಹೋಗಿದ್ದು ಈ ಕಾರ್ನರ್ ಟರ್ನ್‌ಗೆ.

ಒಂದು ಲೆಕ್ಕ ಹಾಕೋಣ. 16,384 ಸಾಲು, ಒಂದೊಂದು ಸಾಲಿನಲ್ಲಿ 16,384 ಅಂಕಿ ಅಂತ ಇಟ್ಟುಕೊಳ್ಳಿ. ಅಂಕಿಗೆ 8 ಬೈಟ್. ಬರೀ ಇಡುವುದಕ್ಕೇ 2 ಜಿಬಿ ಬೇಕು. ಎರಡೂ ದಿಕ್ಕಿಗೆ ಎಫ್‌ಎಫ್‌ಟಿ (ಸಿಗ್ನಲ್ಲನ್ನು ಬೇರೆಬೇರೆ ಆವರ್ತನಗಳಾಗಿ ಬಿಡಿಸುವ ಲೆಕ್ಕ) ಮಾಡಿ, ಗುಣಿಸಿ, ವಾಪಸ್ ತರಲು ಸುಮಾರು 7,500 ಕೋಟಿ ಕೂಡು-ಗುಣಿಸು ಲೆಕ್ಕಗಳು. ಮಂಗಳನ ಮೇಲಿನ ಕ್ಯೂರಿಯಾಸಿಟಿ ರೋವರ್‌ನಲ್ಲಿರುವ ರ‍್ಯಾಡ್750 ಚಿಪ್ ವಿಕಿರಣ ತಡೆಯುವ ಗಟ್ಟಿ ಚಿಪ್, ಓಡುವುದು 200 ಮೆಗಾಹರ್ಟ್ಸ್‌ನಲ್ಲಿ. ಒಂದು ಮಿಡಿತಕ್ಕೆ ಒಂದು ಲೆಕ್ಕ ಅಂತ ಹಿಡಿದರೂ ಆರು ನಿಮಿಷ ದಾಟುತ್ತದೆ. ಉಪಗ್ರಹ ಅಷ್ಟು ಸಾಲು ತುಂಬಿಸಿಕೊಳ್ಳುವುದು ಹತ್ತೇ ಸೆಕೆಂಡಿನಲ್ಲಿ. ಅದಕ್ಕೇ ಈ ಕೆಲಸಕ್ಕೆ ಅಂಥ ಪ್ರೊಸೆಸರ್ ಸಾಕಾಗುವುದಿಲ್ಲ. ಒಂದೇ ಹೊತ್ತಿಗೆ ನೂರಾರು ಗುಣಾಕಾರ ಮಾಡುವ ಎಫ್‌ಪಿಜಿಎ ಥರದ ಚಿಪ್ ಬೇಕು. ಅದಕ್ಕೆ ಕರೆಂಟು ಬೇಕು. ಅದು ಬಿಸಿಯಾಗುತ್ತದೆ. ಮೇಲೆ ಗಾಳಿ ಇಲ್ಲ, ಫ್ಯಾನ್ ಹಾಕಿದರೆ ಏನೂ ತಣಿಯುವುದಿಲ್ಲ. ಸೆಂಟಿನೆಲ್-1 ಸುಮಾರು 99 ನಿಮಿಷದ ಒಂದು ಸುತ್ತಿನಲ್ಲಿ ತನ್ನ ಮುಖ್ಯ ಮೋಡ್‌ಗಳಲ್ಲಿ ರಾಡಾರ್ ನಡೆಸುವುದು 25 ನಿಮಿಷದಷ್ಟೇ.

ಇಷ್ಟಾದರೂ ಚಿಪ್ ವಿಷಯವನ್ನು ಗೆಲ್ಲಬಹುದು. ಗೆಲ್ಲುತ್ತಲೂ ಇದ್ದಾರೆ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಕಾರಣಗಳು ಬೇರೆ ಇವೆ.

ಚಿತ್ರ ಮಾಡಿದರೆ ಡೇಟಾ ಸಣ್ಣದಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ. ಸೆಂಟಿನೆಲ್-1 ತನ್ನ ಕಚ್ಚಾ ಅಂಕಿಗಳನ್ನು ಮೇಲೇ ಹಿಂಡಿ, ಒಂದೊಂದಕ್ಕೆ ಮೂರು ನಾಲ್ಕು ಬಿಟ್ ಮಾಡಿ ಇಳಿಸುತ್ತದೆ. ಈ ಹಿಂಡುವಿಕೆಯೂ ಮೇಲೆ ನಡೆಯುವ ಪ್ರೊಸೆಸಿಂಗೇ. 1990ರಲ್ಲಿ ಶುಕ್ರ ಗ್ರಹ ಮುಟ್ಟಿದ ಮೆಗೆಲನ್ ನೌಕೆ ಇದೇ ಉಪಾಯದಿಂದ 8 ಬಿಟ್ಟಿನದನ್ನು 2 ಬಿಟ್ ಮಾಡಿ ಕಳಿಸಿತು. ಇಂಥ ಕಚ್ಚಾ ಡೇಟಾ ಒಂದು ಚಿತ್ರಕ್ಕೆ ಒಂದೂವರೆ ಜಿಬಿ ಆಸುಪಾಸು. ಅದರಿಂದ ಮಾಡಿದ ಪೂರ್ತಿ ಚಿತ್ರ, ಅಂದರೆ ಎಸ್‌ಎಲ್‌ಸಿ, ಏಳೆಂಟು ಜಿಬಿ! ನೀವು ಇಳಿಸಿಕೊಳ್ಳುವ ಒಂದು ಜಿಬಿಯದು ಫೇಸ್ (ವಾಪಸ್ ಬಂದ ಅಲೆ ತನ್ನ ಏರಿಳಿತದಲ್ಲಿ ಎಲ್ಲಿತ್ತು ಅನ್ನುವ ಅಳತೆ) ತೆಗೆದುಹಾಕಿ, ಅಕ್ಕಪಕ್ಕದ ಚುಕ್ಕೆಗಳನ್ನು ಸೇರಿಸಿ ಸರಾಸರಿ ಮಾಡಿದ ಚಿತ್ರ. ಸಣ್ಣದಾಗಬೇಕು ಅಂದರೆ ಏನನ್ನಾದರೂ ಎಸೆಯಲೇಬೇಕು. ಏನನ್ನು ಎಸೆಯಬೇಕು ಅಂತ ಮೊದಲೇ ಗೊತ್ತಿರಬೇಕು.

ಎಸೆದರೆ ಏನಾಗುತ್ತದೆ ಅಂತ ನನಗೆ ಗೊತ್ತಾದ ದಿನ ಇವತ್ತಿಗೂ ನೆನಪಿದೆ. ವಿಮಾನದ ಒಂದು ಪ್ರಯೋಗ. ಹಾರಾಡುತ್ತಲೇ ಚಿತ್ರ ಮಾಡುವ ಪೆಟ್ಟಿಗೆ, ಅದರ ಒಳಗಿನ ಕೋಡ್‌ನಲ್ಲಿ ಅರ್ಧ ನನ್ನದು. ಬೆಳಗಿನ ಜಾವ ರನ್‌ವೇ ಪಕ್ಕದ ಹುಲ್ಲಿನಲ್ಲಿ ಐದು ಕಾರ್ನರ್ ರಿಫ್ಲೆಕ್ಟರ್ ಇಟ್ಟೆವು. ಮೂರು ಅಲ್ಯುಮಿನಿಯಂ ಹಾಳೆಗಳನ್ನು ಮೂಲೆಗೆ ಮೂಲೆ ಸೇರಿಸಿ ಮಾಡಿದ ತೆರೆದ ಪೆಟ್ಟಿಗೆಯಂಥದ್ದು. ತೆರೆದ ಬಾಯಿಯ ಕಡೆಯಿಂದ ಬಂದ ರಾಡಾರ್ ಕಿರಣವನ್ನು ಬಂದ ದಾರಿಗೇ ವಾಪಸ್ ಕಳಿಸುತ್ತದೆ. ಇಬ್ಬನಿಯಲ್ಲಿ ಹಾಳೆ ಜಾರುತ್ತಿತ್ತು, ಸೀರೆಯ ಸೆರಗಿನಲ್ಲೇ ಒರೆಸಿ ಸ್ಪಿರಿಟ್ ಲೆವೆಲ್ ಇಟ್ಟು ಕೋನ ಸರಿಮಾಡಿದೆ. ಚಿತ್ರದಲ್ಲಿ ಅವು ಐದು ಚೂಪು ಚುಕ್ಕೆಗಳಾಗಿ, ಒಂದೊಂದರ ಸುತ್ತ ಸಣ್ಣ ಕೂಡು ಗುರುತಿನ ಹಾಗೆ ಬರಬೇಕು. ಬಂದಿದ್ದು ಐದು ಶ್ಯಾವಿಗೆ ಎಳೆಗಳು. ಹಾರುವ ದಿಕ್ಕಿಗೆ ಉದ್ದಕ್ಕೆ ಎಳೆದುಕೊಂಡಿದ್ದವು.

ಕಾರಣ ಸಿಕ್ಕಿದ್ದು ಎರಡು ದಿನದ ಮೇಲೆ. ವಿಮಾನದ ವೇಗ ಸೆಕೆಂಡಿಗೆ 100 ಮೀಟರಿನ ಹತ್ತಿರ. ನಮ್ಮ ಪೆಟ್ಟಿಗೆ ಪಟ್ಟಿಯ ಶುರುವಿನಲ್ಲಿ ಓದಿದ ವೇಗವನ್ನೇ ಕೊನೆಯವರೆಗೂ ಹಿಡಿದುಕೊಂಡಿತ್ತು. ಗಾಳಿ ತಿರುಗಿ ನಿಜವಾದ ವೇಗ ಬರೀ ಒಂದು ಮೀಟರ್ ಬದಲಾಗಿತ್ತು. ನೂರಕ್ಕೆ ಒಂದು. ಅಷ್ಟು ಸಾಕು, ಹಾಸಿನ ದಿಕ್ಕಿನ ಬಿಗಿ ಸಡಿಲಾಗುತ್ತದೆ. ತಪ್ಪು ಗೊತ್ತಾದ ಮೇಲೆ ಸರಿಯಾದ ವೇಗ ಕೊಟ್ಟು ಮತ್ತೆ ಪ್ರೊಸೆಸ್ ಮಾಡಿದರೆ ಒಂದು ಗಂಟೆಯ ಕೆಲಸ. ಆದರೆ ಯಾವುದನ್ನು ಪ್ರೊಸೆಸ್ ಮಾಡುವುದು? ತೂಕ ಉಳಿಸಲು ಕಚ್ಚಾ ಡೇಟಾದ ರೆಕಾರ್ಡರ್ ಅನ್ನೇ ಬಿಚ್ಚಿಟ್ಟು ಹಾರಿದ್ದೆವು. ಉಳಿಸಿಕೊಂಡಿದ್ದು 8 ಬಿಟ್ಟಿನ ಹೊಳಪು ಮಾತ್ರ. ಫೇಸ್ ಹೋದ ಮೇಲೆ ಶ್ಯಾವಿಗೆಯನ್ನು ಚುಕ್ಕೆ ಮಾಡುವ ದಾರಿ ಯಾವುದೂ ಉಳಿಯಲಿಲ್ಲ. ಆ ಹಾರಾಟ ಪೂರ್ತಿ ಹೋಯಿತು. ವಿಮಾನವಾದ್ದರಿಂದ ಹದಿನೈದು ದಿನದ ಮೇಲೆ ಮತ್ತೆ ಹಾರಿದೆವು. ಉಪಗ್ರಹ ನಿಮ್ಮ ಹೊಳೆಯ ಮೇಲೆ ಹಾದುಹೋದ ಆ ಹತ್ತು ಸೆಕೆಂಡು ಮತ್ತೆ ಬರುವುದಿಲ್ಲ.

ಇದಕ್ಕೆ ಎದುರು ಒಂದು ಉದಾಹರಣೆ ಹೇಳುತ್ತೇನೆ. 1978ರಲ್ಲಿ ನಾಸಾದ ಸೀಸ್ಯಾಟ್ ಹಾರಿತು. ನೂರು ಚಿಲ್ಲರೆ ದಿನ ಬದುಕಿ ಕೆಟ್ಟುಹೋಯಿತು. ಆ ಕಾಲಕ್ಕೆ ಜಾಸ್ತಿ ಚಿತ್ರಗಳನ್ನು ಮಾಡಿದ್ದು ಫಿಲಂ ಮತ್ತು ಲೇಸರ್ ಇಟ್ಟುಕೊಂಡು. ಆದರೆ ಟೇಪ್‌ಗಳನ್ನು ಯಾರೋ ಪುಣ್ಯಾತ್ಮರು ಕಾಪಾಡಿದರು. 2013ರಲ್ಲಿ, 35 ವರ್ಷದ ಮೇಲೆ, ಅಲಾಸ್ಕಾದ ಸಂಸ್ಥೆಯವರು ಅದೇ ಟೇಪ್‌ಗಳಿಂದ ಹೊಸ ಡಿಜಿಟಲ್ ಚಿತ್ರಗಳನ್ನು ಮಾಡಿ ಎಲ್ಲರಿಗೂ ಕೊಟ್ಟರು. ಕಚ್ಚಾ ಡೇಟಾ ಇತ್ತು, ಅದಕ್ಕೇ ಆಯಿತು.

ಮೂರನೇ ಬೆಂಚು:

ಮೇಡಂ, ತುಂಬಾ ಚೆನ್ನಾಗಿ ಹೇಳಿದ್ರಿ. ನಾನು ಬೆಳಗಾವಿಯಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಕೊನೆಯ ವರ್ಷ. ಆದರೆ ಒಂದು ಕಡೆ ನಾನು ಒಪ್ಪುವುದಿಲ್ಲ. 2020ರಲ್ಲಿ ಹಾರಿದ ಯುರೋಪಿನ ಫೈ-ಸ್ಯಾಟ್-1, ಮೋಡ ತುಂಬಿದ ಚಿತ್ರಗಳನ್ನು ಮೇಲೇ ಗುರುತಿಸಿ ಬಿಟ್ಟುಬಿಡಲು ಅಂಗಡಿಯಲ್ಲಿ ಸಿಗುವಂಥ ಇಂಟೆಲ್ ಚಿಪ್ ಇಟ್ಟುಕೊಂಡಿತ್ತು. ಅದು ಕ್ಯಾಮೆರಾ, ರಾಡಾರ್ ಅಲ್ಲ, ನಿಜ. ಆದರೂ ಇಂಥ ಚಿಪ್ ಮೇಲೆ ಕೆಲಸ ಮಾಡುತ್ತದೆ ಅಂತ ಗೊತ್ತಾಯಿತಲ್ವಾ? ಫಿನ್ಲೆಂಡಿನ ಐಸ್‌ಐ ಕಂಪನಿಯ ಮೊದಲ ಪುಟ್ಟ ರಾಡಾರ್ ಉಪಗ್ರಹ 2018ರ ಜನವರಿಯಲ್ಲಿ ನಮ್ಮ ಪಿಎಸ್‌ಎಲ್‌ವಿಯಲ್ಲೇ ಹೋಯಿತು, ನೂರು ಕೆಜಿ ಒಳಗಿನದು. ಇಂಥವು ಹತ್ತಾರು ಸೇರಿದರೆ ನಕಾಶೆಮನೆ ಅವರು ಹೇಳಿದ 12 ದಿನದ ಕಷ್ಟವೂ ಇರುವುದಿಲ್ಲ. ಆಗ ಉಳಿಯುವುದು ಇಳಿಸುವ ತಡ ಮಾತ್ರ. ಮೇಲೆ ಲೆಕ್ಕ ಮಾಡುವುದು ಆಗ ನಿಜವಾಗಿ ಬೇಕಾಗುತ್ತದೆ.

ಹೊಳೆಸಾಲು:

ಮೇಡಂ, ಶ್ಯಾವಿಗೆ ಎಳೆ ಮರೆಯುವ ಹಾಗೇ ಇಲ್ಲ. ನಾಳೆ ಹತ್ತನೇ ತರಗತಿಗೆ ಹೇಳುತ್ತೇನೆ. ಆದರೆ ನನಗೆ ಪೂರ್ತಿ ಚಿತ್ರ ಬೇಡವೇ ಬೇಡ. ನೀರು ಎಲ್ಲಿದೆ ಅನ್ನುವ ಗೆರೆ ಸಾಕು. ಅದು ಕೆಲವೇ ಕೆಬಿ. ನೀವೇ ಹೇಳಿದಿರಿ, ಏನನ್ನು ಎಸೆಯಬೇಕು ಅಂತ ಮೊದಲೇ ಗೊತ್ತಿದ್ದರೆ ಆಗುತ್ತದೆ ಅಂತ. ನನಗೆ ಗೊತ್ತಿದೆ. ಕಪ್ಪಗಿದ್ದರೆ ನೀರು. ಗೆರೆ ಎಳೆದು ಕಳಿಸಿ, ಉಳಿದದ್ದು ಬಿಡಿ.

ಪ್ರತಿಧ್ವನಿ:

ಇಬ್ಬರ ಮಾತಿಗೂ ಒಟ್ಟಿಗೆ ಉತ್ತರ.

ಮೂರನೇ ಬೆಂಚು, ನೀವು ಹೇಳಿದ್ದು ಸರಿ. ನಾನು ಮೇಲೆ ಲೆಕ್ಕ ಮಾಡಬಾರದು ಅನ್ನುವವಳಲ್ಲ. ಮಾಡಿದ್ದಾರೆ, ಬಹಳ ಚೆನ್ನಾಗಿ ಮಾಡಿದ್ದಾರೆ. 2022ರ ಡಿಸೆಂಬರ್‌ನಲ್ಲಿ ಹಾರಿದ ಸ್ವಾಟ್ ಉಪಗ್ರಹ ನೋಡಿ. 10 ಮೀಟರ್ ದೂರದಲ್ಲಿ ಎರಡು ಆಂಟೆನಾ. ಎರಡರಲ್ಲೂ ಬಂದ ಪ್ರತಿಧ್ವನಿಗಳ ಫೇಸ್ ವ್ಯತ್ಯಾಸದಿಂದ ನೀರಿನ ಎತ್ತರ ಅಳೆಯುತ್ತದೆ. ಸಮುದ್ರದ ಮೇಲೆ ಅದು ಈ ವ್ಯತ್ಯಾಸವನ್ನು ಮೇಲೇ ಲೆಕ್ಕ ಮಾಡಿ, ಸರಾಸರಿ ತೆಗೆದು, ಸಣ್ಣದು ಮಾಡಿ ಕಳಿಸುತ್ತದೆ. ಸಮುದ್ರ ಎಲ್ಲ ಕಡೆ ಒಂದೇ ಥರ, ಎತ್ತರ ಮೆಲ್ಲಗೆ ಬದಲಾಗುತ್ತದೆ, ಸರಾಸರಿ ಮಾಡಿದರೆ ಏನೂ ಕಳೆಯುವುದಿಲ್ಲ. ಅದೇ ಉಪಗ್ರಹ ನೆಲದ ಮೇಲೆ ಬಂದ ಕೂಡಲೇ ಮೋಡ್ ಬದಲಿಸುತ್ತದೆ. ನದಿ, ಕೆರೆ, ದಡ ಇರುವ ಕಡೆ ಚಿತ್ರ ಮಾಡುವ ಗೊಡವೆಗೆ ಹೋಗದೆ, ಪ್ರತಿಧ್ವನಿಯನ್ನು ಸ್ವಲ್ಪ ಮಾತ್ರ ಕೂಡಿಸಿ ಇಳಿಸುತ್ತದೆ. ಕಟ್ಟಿದವರು ಎಲ್ಲಿ ಎಸೆಯಬಹುದು, ಎಲ್ಲಿ ಎಸೆಯಬಾರದು ಅಂತ ತಿಳಿದು ಕಟ್ಟಿದ್ದಾರೆ. ಅದನ್ನು ಓದಿದಾಗ ನನಗೆ ಆದ ಸಂತೋಷ ಹೇಳಲಾರೆ.

ಸಮುದ್ರದಲ್ಲಿ ಹಡಗು ಹುಡುಕುವುದಕ್ಕೂ ಮೇಲಿನ ಲೆಕ್ಕ ಒಪ್ಪುತ್ತದೆ. ಕಪ್ಪು ನೀರಿನ ಮೇಲೆ ಬಿಳಿ ಚುಕ್ಕೆ. ಅದರ ಅಕ್ಷಾಂಶ, ರೇಖಾಂಶ ಕಳಿಸಿದರೆ ಮುಗಿಯಿತು. ತಪ್ಪಿದರೆ ಇನ್ನೊಂದು ಸಲ ನೋಡಬಹುದು.

ಅಂಗಡಿ ಚಿಪ್ ಬಗ್ಗೆ ಒಂದು ಎಚ್ಚರಿಕೆ. ಮೇಲೆ ವಿಕಿರಣದ ಕಣ ಬಡಿದು ಮೆಮೊರಿಯಲ್ಲಿ 0 ಇದ್ದದ್ದು 1 ಆಗುತ್ತದೆ. ಕಚ್ಚಾ ಡೇಟಾದ ಒಂದು ಅಂಕಿಯಲ್ಲಿ ಹೀಗಾದರೆ ಚಿಂತೆ ಇಲ್ಲ. ಬಿಗಿಮಾಡುವಾಗ ಆ ತಪ್ಪು ಇಡೀ ಚಿತ್ರಕ್ಕೆ ತೆಳ್ಳಗೆ ಹರಡಿ ಕಾಣದೇ ಹೋಗುತ್ತದೆ. ಆದರೆ ಎಫ್‌ಎಫ್‌ಟಿಯ ಗುಣಕಗಳ ಪಟ್ಟಿಯಲ್ಲೋ ಕಾರ್ನರ್ ಟರ್ನ್‌ನ ವಿಳಾಸದಲ್ಲೋ ಆದರೆ ಸಾಲು ಸಾಲೇ ಕೆಡುತ್ತದೆ. ಅದಕ್ಕೇ ಮುಖ್ಯವಾದ ಭಾಗವನ್ನು ಮೂರು ಪ್ರತಿ ಮಾಡಿ, ಎರಡು ಏನು ಹೇಳುತ್ತವೋ ಅದನ್ನು ತೆಗೆದುಕೊಳ್ಳುತ್ತೇವೆ. ನಿಮ್ಮ ಪ್ರಾಜೆಕ್ಟ್‌ಗೆ ವಿಷಯ ಬೇಕಿದ್ದರೆ ಇದನ್ನೇ ತೆಗೆದುಕೊಳ್ಳಿ. ಸಿಮ್ಯುಲೇಟರ್‌ನಲ್ಲಿ ಬೇರೆಬೇರೆ ಜಾಗದ ಬಿಟ್ ತಿರುಗಿಸಿ ಚಿತ್ರ ಎಷ್ಟು ಕೆಡುತ್ತದೆ ನೋಡಿ.

ಈಗ ಮೇಷ್ಟ್ರೇ, ಕಪ್ಪಗಿದ್ದರೆ ನೀರು ಅಂದಿರಿ. ನಿಂತ ನೀರು ಕನ್ನಡಿಯ ಹಾಗೆ, ಕಿರಣವನ್ನು ಆಚೆಗೆ ಕಳಿಸಿಬಿಡುತ್ತದೆ, ವಾಪಸ್ ಏನೂ ಬರುವುದಿಲ್ಲ. ಅದಕ್ಕೇ ಕಪ್ಪು. ಆದರೆ ಗುಡ್ಡದ ಹಿಂದಿನ ನೆರಳೂ ಕಪ್ಪು. ನುಣ್ಣಗಿನ ಡಾಂಬರು ರಸ್ತೆಯೂ ಕಪ್ಪು. ಗಾಳಿ ಎದ್ದು ನೀರಿನಲ್ಲಿ ಅಲೆ ಬಂದರೆ ನೀರು ಕಪ್ಪಾಗಿರುವುದಿಲ್ಲ. ಇವನ್ನೆಲ್ಲ ತಿದ್ದಬಹುದು, ಎತ್ತರದ ನಕಾಶೆಯನ್ನು ಉಪಗ್ರಹದಲ್ಲೇ ಇಟ್ಟರೆ ನೆರಳು ಕಳೆಯಬಹುದು.

ನಾನು ಕೇಳಬೇಕೆಂದಿರುವುದು ಬೇರೆ. ನಿಮ್ಮ ಹೊಳೆಯ ದಡದಲ್ಲಿ ಬೆಳೆ ಯಾವುದು? ಆಗಸ್ಟ್‌ನಲ್ಲಿ ಎಷ್ಟು ಎತ್ತರ ಇರುತ್ತದೆ?

ಹೊಳೆಸಾಲು:

ಕಬ್ಬು ಮೇಡಂ. ಕಣ್ಣು ಹಾಯುವಷ್ಟು ದೂರ ಕಬ್ಬು. ಆಗಸ್ಟ್‌ಗೆ ಆಳೆತ್ತರಕ್ಕಿಂತ ಜಾಸ್ತಿ.

ನೀವು ಕೇಳಿದ ಮೇಲೆ ಎದೆ ಝಲ್ ಅಂತು. 2019ರ ಚಿತ್ರದಲ್ಲಿ ನಮ್ಮ ಕಾಕಾನ ಹೊಲ ಕಪ್ಪಾಗಿರಲಿಲ್ಲ. ಬೆಳ್ಳಗೇ ಇತ್ತು. ಅಲ್ಲಿ ಸೊಂಟದವರೆಗೆ ನೀರಿತ್ತು, ನಾನೇ ಹಗ್ಗ ಹಿಡಿದು ದಾಟಿದ್ದೇನೆ. ಚಿತ್ರದ ತಾರೀಖು ಬೇರೆ ಇರಬೇಕು ಅಂದುಕೊಂಡು ಇಷ್ಟು ವರ್ಷ ಸುಮ್ನೆ ಇದ್ದೆ.

ಪ್ರತಿಧ್ವನಿ:

ತಾರೀಖು ಸರಿಯಾಗೇ ಇರುತ್ತದೆ. ಸೆಂಟಿನೆಲ್-1ರ ಅಲೆ ಐದೂವರೆ ಸೆಂಟಿಮೀಟರಿನದು. ದಟ್ಟ ಕಬ್ಬಿನ ಗರಿಗಳಲ್ಲೇ ಜಾಸ್ತಿ ಪಾಲು ಚದುರಿ ವಾಪಸ್ ಬರುತ್ತದೆ, ಕೆಳಗಿನ ನೀರು ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಒಳಗೆ ಹೊಕ್ಕ ಪಾಲು ನೀರಿಗೆ ಬಡಿದು, ಅಲ್ಲಿಂದ ಕಬ್ಬಿನ ದಂಟಿಗೆ ಬಡಿದು ವಾಪಸ್ ಬಂದರೆ ಚಿತ್ರ ಇನ್ನೂ ಬೆಳ್ಳಗಾಗುತ್ತದೆ. ನಾನು ಹೇಳಿದ ರಿಫ್ಲೆಕ್ಟರ್‌ನ ಹಾಗೆ, ನೀರು ಒಂದು ಹಾಳೆ, ದಂಟು ಇನ್ನೊಂದು. ನಿಸಾರ್‌ನ ಎಲ್-ಬ್ಯಾಂಡ್ ಅಲೆ 24 ಸೆಂಟಿಮೀಟರ್, ಅದು ಗರಿ ದಾಟಿ ಇನ್ನೂ ಚೆನ್ನಾಗಿ ಒಳಗೆ ಹೋಗುತ್ತದೆ.

ಕಪ್ಪಿನ ಗೆರೆಯೊಂದನ್ನೇ ಕಳಿಸಿ ಉಳಿದದ್ದನ್ನು ಎಸೆಯುವ ಉಪಗ್ರಹ ಅವತ್ತು ಇದ್ದಿದ್ದರೆ ನಿಮ್ಮ ಕಾಕಾನ ಹೊಲ ಒಣಗಿದೆ ಅಂತ ಬರೆದು ಮುಗಿಸುತ್ತಿತ್ತು. ಹಾಗಂತ ಗೆರೆ ಬೇಡ ಅನ್ನುತ್ತಿಲ್ಲ. ಮೊದಲ ಹತ್ತು ನಿಮಿಷಕ್ಕೆ ಆ ಗೆರೆ ಬರಲಿ, ದನ ಬಿಚ್ಚಲಿಕ್ಕೆ ಅದು ಬೇಕು. ಹಿಂದೆಯೇ ಕಚ್ಚಾ ಡೇಟಾವೂ ಪೂರ್ತಿ ಇಳಿಯಲಿ. ಸೆಂಟಿನೆಲ್-1 ಎತ್ತರದ ಇನ್ನೊಂದು ಉಪಗ್ರಹಕ್ಕೆ ಲೇಸರ್‌ನಲ್ಲಿ ಡೇಟಾ ದಾಟಿಸುವ ಉಪಕರಣವನ್ನೂ ಹೊತ್ತಿದೆ. ಬೇಗ ಇಳಿಸುವುದಕ್ಕೆ ಅದೂ ಒಂದು ದಾರಿ.

2019ರ ಡೇಟಾ ಎಲ್ಲೂ ಹೋಗಿಲ್ಲ, ಉಚಿತವಾಗಿ ಸಿಗುತ್ತದೆ. ಹೊಳೆ ಬರುವ ಮುಂಚಿನದು ಒಂದು, ಬಂದಾಗಿನದು ಒಂದು, ಒಂದೇ ದಾರಿಯಲ್ಲಿ ತೆಗೆದ ಎರಡು ಎಸ್‌ಎಲ್‌ಸಿ ಇಳಿಸಿಕೊಳ್ಳಿ. ಹೊಲದ ನಾಲ್ಕು ಮೂಲೆಗಳ ಅಕ್ಷಾಂಶ, ರೇಖಾಂಶ ಕೊಡಿ. ಹೊಳಪು ಎಷ್ಟು ಏರಿದೆ, ಎರಡು ಚಿತ್ರಗಳ ಫೇಸ್ ಎಷ್ಟು ಹೊಂದುತ್ತದೆ ಅಂತ ಒಟ್ಟಿಗೆ ನೋಡೋಣ.

ಹೊಳೆಸಾಲು:

ಇಳಿಸಲು ಹಾಕಿದ್ದೇನೆ ಮೇಡಂ. ಶಾಲೆಯ ವೈಫೈನಲ್ಲಿ ಒಂದೊಂದಕ್ಕೆ ನಾಲ್ಕು ತಾಸು ತೋರಿಸುತ್ತಿದೆ. ಸಂಜೆ ಕಾಕಾನ ಜೊತೆ ಹೊಲಕ್ಕೆ ಹೋಗಿ ಮೂಲೆಗಳನ್ನು ಫೋನಿನಲ್ಲಿ ಗುರುತು ಮಾಡಿಕೊಂಡು ಬರುತ್ತೇನೆ. ಅವತ್ತು ನೀರು ಎಲ್ಲಿಯವರೆಗೆ ನಿಂತಿತ್ತು ಅಂತ ಬೇವಿನ ಮರದ ಮೇಲೆ ಅವರು ಹೊಡೆದ ಮೊಳೆ ಇನ್ನೂ ಹಾಗೇ ಇದೆ. ಅದರ ಎತ್ತರವನ್ನೂ ಟೇಪಿನಲ್ಲಿ ಅಳೆದು ಹಾಕುತ್ತೇನೆ.